ಪರದೆಯಲ್ಲಿ ಸರಿ, ಪಿಡಿಎಫ್‌ನಲ್ಲಿ ಅಳತೆ ತಪ್ಪು: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ನನ್ನದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ವೆಬ್ ಪುಟವನ್ನು ಬ್ರೌಸರ್‌ನಿಂದ ಪಿಡಿಎಫ್ ಮಾಡಿಕೊಂಡು ಪೆನ್‌ಡ್ರೈವ್ ಹಿಡಿದು ಬರುವವರು ವಾರವಾರವೂ ಒಂದೇ ಮಾತು ಹೇಳುತ್ತಾರೆ: "ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಇತ್ತು ಸಾರ್, ಪಿಡಿಎಫ್ ಮಾಡಿದ ಮೇಲೆ ಹೀಗಾಯಿತು." ಹೀಗೆ ಎಂದರೆ ಹೇಗೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಕ್ಷರ ಸಣ್ಣದಾಗಿದೆ, ಬಲಗಡೆ ಕತ್ತರಿಸಿದೆ, ಅಕ್ಕಪಕ್ಕ ಇದ್ದದ್ದು ಒಂದರ ಕೆಳಗೊಂದು ಬಂದಿದೆ, ಒತ್ತಕ್ಷರದ ಬಾಲವೇ ಕಾಣುತ್ತಿಲ್ಲ. ಆದರೆ ಎಲ್ಲರೂ ಮೊದಲು ಕೈಹಾಕಿರುವುದು ಅಕ್ಷರದ ಗಾತ್ರಕ್ಕೆ. ಅದನ್ನು ಹಿಗ್ಗಿಸಿ, ಕುಗ್ಗಿಸಿ, ಕೊನೆಗೆ ಮೂಲ ಗಾತ್ರ ಎಷ್ಟಿತ್ತೆಂಬುದನ್ನೂ ಮರೆತು ಬಂದಿರುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಅಕ್ಷರದಲ್ಲಿರುವುದು ಅಪರೂಪ, ಅದು ಅಗಲದಲ್ಲಿರುತ್ತದೆ. ಪರದೆಯ ಕಿಟಕಿಯನ್ನು ಎಳೆದಷ್ಟೂ ಅಗಲ ಮಾಡಬಹುದು, ಕಾಗದವನ್ನು ಎಳೆಯಲಾಗದು.

ಮೊದಲು ಸ್ಕೇಲ್ ತೆಗೆಯಿರಿ

ಕೆಲವು ಅಂಕಿಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ವೆಬ್ ಲೆಕ್ಕದಲ್ಲಿ 96 ಪಿಕ್ಸೆಲ್ ಎಂದರೆ ಒಂದು ಇಂಚು. ಅಚ್ಚಿನ ಲೆಕ್ಕದಲ್ಲಿ 72 ಪಾಯಿಂಟ್ ಎಂದರೆ ಒಂದು ಇಂಚು. ಆದ್ದರಿಂದ ವೆಬ್ ಪುಟದ 16 ಪಿಕ್ಸೆಲ್ ಅಕ್ಷರ ಕಾಗದದ ಮೇಲೆ 12 ಪಾಯಿಂಟ್ ಆಗಬೇಕು. 210 ಮಿ.ಮೀ. ಅಗಲದ ಎ4 ಹಾಳೆ ಸುಮಾರು 794 ಪಿಕ್ಸೆಲ್. ಎರಡೂ ಬದಿ 1 ಸೆಂ.ಮೀ. ಅಂಚು ಬಿಟ್ಟರೆ ಉಳಿಯುವುದು 718 ಪಿಕ್ಸೆಲ್. ಈ 718 ಎಂಬ ಅಂಕಿ ಮುಂದೆ ಪದೇಪದೇ ಬರುತ್ತದೆ.

ಪುಟ ನಿಮ್ಮದೇ ಆಗಿದ್ದರೆ ಅದರಲ್ಲಿ ತಾತ್ಕಾಲಿಕವಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿ. ಪಿಡಿಎಫ್ ಮಾಡಿ, ಎರಡು ಕಡೆ ಅಳೆಯಿರಿ. ಮೊದಲು ಪಿಡಿಎಫ್ ಒಳಗೆ: ಅಡೋಬಿ ರೀಡರ್‌ನಲ್ಲಿ ಅಳತೆಯ ಸಲಕರಣೆ ಇದೆ. ಆಮೇಲೆ ಅಚ್ಚಾದ ಕಾಗದದ ಮೇಲೆ: ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಸಾಕು. ಪಿಡಿಎಫ್‌ನಲ್ಲಿ ಪೂರ್ತಿ 10 ಸೆಂ.ಮೀ. ಇದ್ದು ಕಾಗದದ ಮೇಲೆ ಕಡಿಮೆ ಬಂದರೆ ಬ್ರೌಸರ್ ನಿರಪರಾಧಿ, ಪ್ರಿಂಟರ್ ಕಡೆ ನೋಡಿ. ಪಿಡಿಎಫ್‌ನಲ್ಲೇ ಕಡಿಮೆ ಇದ್ದರೆ ಪರಿವರ್ತನೆಯಲ್ಲಿ ತಪ್ಪಾಗಿದೆ. ಎರಡೂ ಕಡೆ 10 ಸೆಂ.ಮೀ. ಬಂದು ಅಕ್ಷರ ಮಾತ್ರ ಸಣ್ಣದೆನಿಸಿದರೆ, ಆಗ ಫಾಂಟ್ ಮೇಲೆ ಅನುಮಾನ ಪಡಬಹುದು.

ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆಯುವವರನ್ನೂ ಕಂಡಿದ್ದೇನೆ. ಅದರಿಂದ ಉಪಯೋಗವಿಲ್ಲ. ಮಾನಿಟರ್‌ನಲ್ಲಿ ‘ನೂರು ಶೇಕಡಾ’ ಎಂದು ತೋರಿಸಿದರೂ ಅದು ನಿಜವಾದ ಸೆಂಟಿಮೀಟರ್ ಆಗಿರಬೇಕೆಂದಿಲ್ಲ.

ಲಕ್ಷಣ: ಮೊಬೈಲ್‌ನಲ್ಲಿ ತೆರೆದರೆ ಅಕ್ಷರ ಇರುವೆಯಷ್ಟು

ಇದು ದೋಷವೇ ಅಲ್ಲ ಎಂದರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಲೆಕ್ಕ ನೋಡಿ. ಆರೂವರೆ ಇಂಚಿನ ಮೊಬೈಲ್ ಪರದೆಯ ಅಗಲ ಸುಮಾರು 68 ಮಿ.ಮೀ. ಅದರೊಳಗೆ 210 ಮಿ.ಮೀ. ಅಗಲದ ಹಾಳೆಯನ್ನು ತುರುಕಿದರೆ 12 ಪಾಯಿಂಟ್ ಅಕ್ಷರ 4 ಪಾಯಿಂಟ್‌ನಂತೆ ಕಾಣುತ್ತದೆ. ವೆಬ್ ಪುಟವಾದರೆ ಪರದೆಗೆ ತಕ್ಕಂತೆ ಸಾಲುಗಳನ್ನು ಮುರಿದುಕೊಳ್ಳುತ್ತದೆ. ಪಿಡಿಎಫ್‌ಗೆ ಆ ಗುಣವಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಹಂಚುವುದಕ್ಕೇ ಪಿಡಿಎಫ್ ಮಾಡುತ್ತಿದ್ದರೆ ಎ4 ಬಿಡಿ. ಕ್ರೋಮ್‌ನಲ್ಲಿ ಕಂಟ್ರೋಲ್-ಪಿ ಒತ್ತಿ, ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ, ಕಾಗದ ಎ5, ‘ಸ್ಕೇಲ್’ (ಹಿಗ್ಗಿಸುವ, ಕುಗ್ಗಿಸುವ ಶೇಕಡಾ) 150 ಎಂದು ಕೊಡಿ. 12 ಪಾಯಿಂಟ್ 18 ಆಗುತ್ತದೆ, ಮೊಬೈಲ್‌ನಲ್ಲಿ 8ಕ್ಕೆ ಇಳಿದು ಕಾಣುತ್ತದೆ, ಕಣ್ಣಿಗೆ ಹಿಂಸೆಯಾಗುವುದಿಲ್ಲ. ಪುಟಗಳ ಸಂಖ್ಯೆ ಹೆಚ್ಚುತ್ತದೆ, ಹೆಚ್ಚಲಿ. ಮೊಬೈಲ್‌ನಲ್ಲಿ ಓದುವವರಿಗೆ ಕಾಗದದ ಖರ್ಚಿಲ್ಲ. ಅಚ್ಚಿಗೆ ಒಂದು, ಮೊಬೈಲ್‌ಗೆ ಒಂದು ಎಂದು ಎರಡು ಪಿಡಿಎಫ್ ಮಾಡುವುದೇ ಸರಿಯಾದ ದಾರಿ. ಒಂದೇ ಪಿಡಿಎಫ್‌ನಲ್ಲಿ ಎರಡನ್ನೂ ಸಾಧಿಸಲು ಹೊರಟವರು ಎರಡು ಕಡೆಯಿಂದಲೂ ಬೈಸಿಕೊಳ್ಳುತ್ತಾರೆ.

ಇದರ ಉಲ್ಟಾ ಪ್ರಕರಣ ಐಫೋನ್‌ನವರದು. ಸಫಾರಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದು ‘ಫುಲ್ ಪೇಜ್’ ಎಂದು ಉಳಿಸಿದರೆ ಇಡೀ ಲೇಖನ ಒಂದೇ ನೀಳ ಪುಟವಾಗುತ್ತದೆ, ಮದುವೆಮನೆಯ ಅಡುಗೆ ಸಾಮಾನಿನ ಪಟ್ಟಿಯ ಹಾಗೆ. ಅದನ್ನು ಎ4ಗೆ ಅಚ್ಚು ಹಾಕಿದರೆ ಉದ್ದವನ್ನು ಹಾಳೆಗೆ ಹೊಂದಿಸುವ ಭರದಲ್ಲಿ ಅಕ್ಷರ ಧೂಳಾಗುತ್ತದೆ. ಅಂಥ ಪಿಡಿಎಫ್ ತಂದವರಿಗೆ ನಾನು ಹೇಳುವುದಿಷ್ಟೇ: ಮೂಲ ಪುಟಕ್ಕೆ ಹೋಗಿ, ಹಂಚುವ ಗುಂಡಿಯಿಂದ ‘ಪ್ರಿಂಟ್’ ಆರಿಸಿ ಹೊಸದಾಗಿ ಮಾಡಿ.

ಲಕ್ಷಣ: ಪಿಡಿಎಫ್‌ನಲ್ಲಿ ಸರಿ, ಕಾಗದದ ಮೇಲೆ ತುಸು ಸಣ್ಣದು

ಅಡೋಬಿ ರೀಡರ್‌ನ ಮುದ್ರಣ ಕಿಟಕಿಯಲ್ಲಿ ‘ಫಿಟ್’ ಬದಲು ‘ಆಕ್ಚುಯಲ್ ಸೈಜ್’ ಆರಿಸಿ. ಹೆಚ್ಚಿನವರ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಪಿಡಿಎಫ್‌ನ ‘ಪ್ರಾಪರ್ಟೀಸ್’ ತೆರೆದು ಪುಟದ ಗಾತ್ರ ನೋಡಿ. 210 × 297 ಮಿ.ಮೀ. ಇದ್ದರೆ ಎ4. 215.9 × 279.4 ಇದ್ದರೆ ಅದು ಅಮೆರಿಕದ ಲೆಟರ್ ಗಾತ್ರ. ಅಮೆರಿಕದಲ್ಲಿರುವ ಮಗ ಅಲ್ಲಿಂದಲೇ ಪಿಡಿಎಫ್ ಮಾಡಿ ಕಳಿಸಿದ ಕಾಗದಗಳು ಸಾಮಾನ್ಯವಾಗಿ ಹೀಗಿರುತ್ತವೆ. ಲೆಟರ್ ಪುಟವನ್ನು ಎ4 ಅಗಲಕ್ಕೆ ಕೂರಿಸಿದರೆ 97 ಶೇಕಡಾಕ್ಕೆ ಇಳಿಯುತ್ತದೆ. ಎ4 ಪುಟವನ್ನು ಲೆಟರ್ ಎತ್ತರಕ್ಕೆ ಕೂರಿಸಿದರೆ 94ಕ್ಕೆ. ಓದುವುದಕ್ಕೆ ಇದು ಗೊತ್ತೇ ಆಗದಷ್ಟು ಸಣ್ಣ ವ್ಯತ್ಯಾಸ. ವಿಳಾಸದ ಸ್ಟಿಕ್ಕರ್, ಗುರುತಿನ ಚೀಟಿ, ಇಂತಿಷ್ಟೇ ಅಳತೆಯ ಭಾವಚಿತ್ರ ಇರುವ ಅರ್ಜಿ ಇಂಥವುಗಳಲ್ಲಿ ಮಾತ್ರ ಕೆಲಸ ಕೆಡುತ್ತದೆ. ಪರಿವರ್ತಿಸುವಾಗಲೇ ಕಾಗದದ ಗಾತ್ರ ಸರಿಯಾಗಿ ಆರಿಸುವುದೊಂದೇ ಪರಿಹಾರ.

ಲಕ್ಷಣ: ಇಡೀ ಪುಟ ಕುಗ್ಗಿದೆ, ಅಥವಾ ಬಲಗಡೆ ಕತ್ತರಿಸಿದೆ

ಎರಡೂ ಒಂದೇ ರೋಗದ ಎರಡು ಹಂತ. ಪುಟದೊಳಗೆ ಯಾವುದೋ ಒಂದು ವಸ್ತು 718 ಪಿಕ್ಸೆಲ್‌ಗಿಂತ ಅಗಲವಾಗಿದೆ. ಅದನ್ನು ಒಳಗೆ ಸೇರಿಸಲು ಕ್ರೋಮ್ ಇಡೀ ಪುಟವನ್ನು ಕುಗ್ಗಿಸುತ್ತದೆ. ಕುಗ್ಗಿಸುವುದಕ್ಕೂ ಒಂದು ಮಿತಿಯಿದೆ. ಅದನ್ನು ಮೀರಿದರೆ ಬಲಗಡೆಗೆ ಕತ್ತರಿ ಬೀಳುತ್ತದೆ. ಒಬ್ಬನ ದಪ್ಪಕ್ಕೆ ಬಸ್ಸಿನವರೆಲ್ಲ ಮುದುಡಿ ಕೂರಬೇಕಾದ ಹಾಗೆ.

ಒಂದು ಸಹಕಾರ ಸಂಘದವರು ತಮ್ಮ ವಾರ್ಷಿಕ ವರದಿಯನ್ನು ವೆಬ್ ಪುಟದಿಂದ ಪಿಡಿಎಫ್ ಮಾಡಿ ತಂದಿದ್ದರು. ವಯಸ್ಸಾದ ಸದಸ್ಯರೇ ಹೆಚ್ಚು, ಅಕ್ಷರ ದೊಡ್ಡದಿರಲಿ ಎಂದು 16 ಪಿಕ್ಸೆಲ್ ಇಟ್ಟಿದ್ದರು. ಕಾಗದದ ಮೇಲೆ ಬಂದದ್ದು 9 ಪಾಯಿಂಟ್. ಕಾರ್ಯದರ್ಶಿಗಳು ಅಕ್ಷರವನ್ನು 18ಕ್ಕೆ, ಆಮೇಲೆ 20ಕ್ಕೆ ಏರಿಸಿ ನೋಡಿದ್ದರು. ಸಾಲುಗಳು ಎಲ್ಲೆಲ್ಲೋ ಮುರಿದವು, ಕೋಷ್ಟಕ ಇನ್ನಷ್ಟು ಹರಡಿತು. ನಾನು ಪುಟವನ್ನು ಬ್ರೌಸರ್‌ನಲ್ಲಿ ತೆರೆದು ಕಿಟಕಿಯನ್ನು ಕಿರಿದು ಮಾಡುತ್ತ ಹೋದೆ. ಒಂದು ಹಂತದಲ್ಲಿ ಕೆಳಗೆ ಅಡ್ಡ ಸ್ಕ್ರಾಲ್ ಪಟ್ಟಿ ಕಾಣಿಸಿಕೊಂಡಿತು. ಅದನ್ನು ಎಳೆದು ಬಲಕ್ಕೆ ಹೋದರೆ ಬರೀ ಬಿಳಿ ಜಾಗ. ಕೆಳಗಿಳಿದು ಹುಡುಕಿದಾಗ ಹದಿಮೂರನೆಯ ಸಾಲಿನ ‘ಷರಾ’ ಕಾಲಂನಲ್ಲಿ ಯಾರೋ ಅಂಟಿಸಿದ್ದ ಒಂದು ಉದ್ದನೆಯ ವೆಬ್ ವಿಳಾಸ ಸಿಕ್ಕಿತು. ನಡುವೆ ಎಲ್ಲೂ ಜಾಗವಿಲ್ಲದ್ದರಿಂದ ಅದು ಮುರಿದಿಲ್ಲ. ಅದು ಮುರಿಯದ್ದರಿಂದ ಕೋಷ್ಟಕ ಸುಮಾರು 950 ಪಿಕ್ಸೆಲ್‌ಗೆ ಹಿಗ್ಗಿದೆ. 718 ಭಾಗಿಸು 950, ಮುಕ್ಕಾಲು. ಹನ್ನೆರಡರ ಮುಕ್ಕಾಲು ಒಂಬತ್ತು. ಆ ವಿಳಾಸ ಅಳಿಸಿದ ಕೂಡಲೇ ವರದಿಯ ಎಲ್ಲ ಪುಟಗಳೂ ಹನ್ನೆರಡಕ್ಕೆ ಮರಳಿದವು.

ಹಾಗಾಗಿ ಮೊದಲ ಪರೀಕ್ಷೆ ಇದೇ, ದುಡ್ಡಿಲ್ಲದ್ದು: ಕಿಟಕಿಯನ್ನು 718 ಪಿಕ್ಸೆಲ್‌ಗೆ ಕಿರಿದು ಮಾಡಿ. ಎಫ್12 ಒತ್ತಿದರೆ ಬರುವ ಡೆವಲಪರ್ ಕಿಟಕಿಯಲ್ಲಿ ನಿಖರ ಅಗಲ ಕೊಡಬಹುದು. ಅಡ್ಡ ಸ್ಕ್ರಾಲ್ ಪಟ್ಟಿ ಬಂದರೆ ಅಪರಾಧಿ ಆ ಪುಟದಲ್ಲೇ ಇದ್ದಾನೆ. ಸಾಮಾನ್ಯವಾಗಿ ಸಿಕ್ಕಿಬೀಳುವವರು: ಪಿಕ್ಸೆಲ್‌ನಲ್ಲಿ ಅಗಲ ನಿಗದಿಯಾದ ಕೋಷ್ಟಕ, ದೊಡ್ಡ ಚಿತ್ರ, ವೆಬ್ ವಿಳಾಸ, ಬೇರೆ ಕಡೆಯಿಂದ ತಂದು ಕೂರಿಸಿದ ವಿಡಿಯೋ ಚೌಕಟ್ಟು. ಪುಟ ನಿಮ್ಮದಾದರೆ ಮುದ್ರಣಕ್ಕೆಂದು ಬರೆಯುವ ಸಿಎಸ್‌ಎಸ್ (ಪುಟದ ರೂಪ ಹೇಳುವ ನಿಯಮಗಳ) ಭಾಗದಲ್ಲಿ ಚಿತ್ರಕ್ಕೆ ಗರಿಷ್ಠ ಅಗಲ ನೂರು ಶೇಕಡಾ ಎಂದೂ, ಉದ್ದ ಪದಗಳಿಗೆ ‘ಓವರ್‌ಫ್ಲೋ-ರ್‍ಯಾಪ್’ ನಿಯಮದಲ್ಲಿ ‘ಎನಿವೇರ್’ ಎಂದೂ ಕೊಡಿ. ಮೂಲ ಕಡತದ ಪ್ರತಿ ತೆಗೆದಿಟ್ಟುಕೊಂಡೇ ಕೈಹಾಕಿ. ಪುಟ ನಿಮ್ಮದಲ್ಲದಿದ್ದರೆ ಫೈರ್‌ಫಾಕ್ಸ್‌ನ ಓದುವ ನೋಟಕ್ಕೆ ಹೋಗಿ ಅಲ್ಲಿಂದ ಪಿಡಿಎಫ್ ಮಾಡಿ. ಜಾಹೀರಾತು, ಪಕ್ಕದ ಪಟ್ಟಿ ಎಲ್ಲ ಉದುರಿ ಲೇಖನ ಮಾತ್ರ ಉಳಿಯುತ್ತದೆ.

ಲಕ್ಷಣ: ಅಕ್ಕಪಕ್ಕ ಇದ್ದ ಕಾಲಂಗಳು ಒಂದರ ಕೆಳಗೊಂದು ಬಂದಿವೆ

ಪುಟ ತನ್ನನ್ನು ಮೊಬೈಲ್‌ನಲ್ಲಿ ತೋರಿಸುತ್ತಿದ್ದಾರೆಂದು ಭಾವಿಸಿದೆ. ಈಗಿನ ಪುಟಗಳು ಅಗಲ ನೋಡಿ ವೇಷ ಬದಲಿಸುತ್ತವೆ. ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ವಿನ್ಯಾಸ ಬಳಸಿದ ಪುಟಗಳಲ್ಲಿ ಆ ಗಡಿಗಳು 576, 768, 992, 1200 ಪಿಕ್ಸೆಲ್. ಎ4 ನೇರ ಹಾಳೆಯ 718, 768ಕ್ಕಿಂತ ಕಡಿಮೆ. ಆದ್ದರಿಂದ ಮೊಬೈಲ್ ವೇಷ.

ಎರಡು ಅಗ್ಗದ ಉಪಾಯಗಳಿವೆ. ಸ್ಕೇಲ್ 70 ಮಾಡಿದರೆ ಪುಟಕ್ಕೆ ಸಿಗುವ ಅಗಲ 1025 ಆಗಿ ಕಾಲಂಗಳು ಮರಳಿ ಬರುತ್ತವೆ, ಆದರೆ 12 ಪಾಯಿಂಟ್ 8.4ಕ್ಕೆ ಇಳಿಯುತ್ತದೆ. ಹಾಳೆಯನ್ನು ಅಡ್ಡ ಮಾಡಿದರೆ ಅಂಚು ಕಳೆದು 277 ಮಿ.ಮೀ., ಅಂದರೆ 1047 ಪಿಕ್ಸೆಲ್ ಸಿಗುತ್ತದೆ. ಸ್ಕೇಲ್ ಮುಟ್ಟುವ ಅಗತ್ಯವೇ ಇಲ್ಲ. ಕೋಷ್ಟಕ, ವೇಳಾಪಟ್ಟಿಗಳಿಗೆ ನಾನು ಯಾವಾಗಲೂ ಹಾಳೆ ಅಡ್ಡ ಮಾಡುತ್ತೇನೆ. ಲೇಖನಗಳಿಗಾದರೆ ಒಂದೇ ಕಾಲಂ ಇರಲಿ ಬಿಡಿ ಎಂದು ಗಿರಾಕಿಗೆ ಬುದ್ಧಿ ಹೇಳುತ್ತೇನೆ. ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ಲಕ್ಷಣ: ಅಕ್ಷರ ದೊಡ್ಡದಾಗಿದೆ, ಚಿತ್ರ ಮತ್ತು ಚೌಕಟ್ಟು ಹಾಗೆಯೇ ಇವೆ

ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಯಾರೋ ಫಾಂಟ್ ಗಾತ್ರವನ್ನು ‘ಲಾರ್ಜ್’ ಮಾಡಿದ್ದಾರೆ. ಕ್ರೋಮ್‌ನಲ್ಲಿ ಹಾಗೆ ಮಾಡಿದರೆ ಮೂಲ ಗಾತ್ರ 16ರಿಂದ 20 ಪಿಕ್ಸೆಲ್‌ಗೆ ಏರುತ್ತದೆ. ಅಕ್ಷರ ಹಿಗ್ಗುತ್ತದೆ, ಪಿಕ್ಸೆಲ್‌ನಲ್ಲಿ ಕಟ್ಟಿದ ಚಿತ್ರ ಹಿಗ್ಗುವುದಿಲ್ಲ. ‘ಮೀಡಿಯಂ’ಗೆ ತನ್ನಿ. ಕಂಟ್ರೋಲ್ ಜೊತೆ ಪ್ಲಸ್ ಒತ್ತಿ ಹಿಗ್ಗಿಸಿದ್ದು ಬೇರೆ ವಿಷಯ, ಕ್ರೋಮ್‌ನಲ್ಲಿ ಅದು ಪಿಡಿಎಫ್‌ಗೆ ತಟ್ಟುವುದಿಲ್ಲ.

ಲಕ್ಷಣ: ಇಂಗ್ಲಿಷ್ ಸರಿಯಾಗಿದೆ, ಕನ್ನಡ ಕೆಟ್ಟಿದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಗಲದ ಪಾಠ ಪೂರ್ತಿ ಕೆಲಸಕ್ಕೆ ಬಾರದ ಜಾಗ ಇದು, ಮತ್ತು ಇಂಗ್ಲಿಷಿನಲ್ಲಿ ಬರೆದ ಸಲಹೆಗಳು ಸಾಮಾನ್ಯವಾಗಿ ಮುಟ್ಟದ ಜಾಗವೂ ಹೌದು.

ಕನ್ನಡ ಮಾತ್ರ ಸಣ್ಣದಾಗಿ ಕಂಡರೆ: ಒಂದೇ 12 ಪಾಯಿಂಟ್ ಕೊಟ್ಟರೂ ಎಲ್ಲ ಫಾಂಟ್‌ಗಳ ಅಕ್ಷರ ಒಂದೇ ಎತ್ತರ ಇರುವುದಿಲ್ಲ. ಕನ್ನಡ ಫಾಂಟ್‌ನವರು ಅದೇ ಚೌಕದೊಳಗೆ ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರ ಎರಡಕ್ಕೂ ಜಾಗ ಬಿಡಬೇಕು, ಹಾಗಾಗಿ ನಡುವಿನ ಅಕ್ಷರ ಕಿರಿದಾಗುತ್ತದೆ. ವಿಂಡೋಸ್‌ನ ಹಳೆಯ ತುಂಗಾ ಫಾಂಟ್‌ನಲ್ಲಿ ಇದು ಎದ್ದು ಕಾಣುತ್ತದೆ. ನಿಮ್ಮ ಪರದೆಯಲ್ಲಿ ನಿರ್ಮಲಾ ಫಾಂಟ್‌ನಲ್ಲಿ ಕಂಡದ್ದು ಬೇರೆ ಯಂತ್ರದಲ್ಲಿ ಲೋಹಿತ್‌ನಲ್ಲೋ ನೋಟೋದಲ್ಲೋ ಪಿಡಿಎಫ್ ಆದರೆ ಎತ್ತರ, ಅಗಲ, ಸಾಲು ಮುರಿಯುವ ಜಾಗ ಎಲ್ಲ ಬದಲಾಗುತ್ತವೆ. ಪರೀಕ್ಷೆ ಸುಲಭ: ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ‘ಫಾಂಟ್ಸ್’ ಪಟ್ಟಿ ನೋಡಿ. ನೀವು ಬಯಸಿದ ಫಾಂಟ್ ಹೆಸರು ಅಲ್ಲಿ ಇಲ್ಲದಿದ್ದರೆ ಬ್ರೌಸರ್ ಕೈಗೆ ಸಿಕ್ಕ ಬೇರೊಂದನ್ನು ಹಾಕಿದೆ. ಫಾಂಟನ್ನು ಪುಟದ ಜೊತೆಗೇ ವೆಬ್ ಫಾಂಟ್ ಆಗಿ ಕಳಿಸಿ. ಪುಟ ಪೂರ್ತಿ ಇಳಿದ ಮೇಲೆ, ಎರಡು ಕ್ಷಣ ತಡೆದು ಪಿಡಿಎಫ್ ಮಾಡಿ.

ಒತ್ತಕ್ಷರದ ಬಾಲ ಕತ್ತರಿಸಿದ್ದರೆ: ‘ಶಾಸ್ತ್ರ’, ‘ರಾಷ್ಟ್ರ’, ‘ಲಕ್ಷ್ಮಿ’ ಈ ಮೂರು ಪದಗಳನ್ನು ಶೀರ್ಷಿಕೆಯಲ್ಲಿ ಹಾಕಿ ನೋಡಿ. ಎರಡು ಒತ್ತಿರುವ ಈ ಪದಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸದಲ್ಲಿ ಸಾಲಿನ ಎತ್ತರ ಅಕ್ಷರದ 1.2ರಷ್ಟು ಇರುತ್ತದೆ, ಶೀರ್ಷಿಕೆಯ ಪೆಟ್ಟಿಗೆಯ ಎತ್ತರವನ್ನೂ ಬಿಗಿ ಮಾಡಿದ್ದರೆ ಬಾಲ ಪೆಟ್ಟಿಗೆಯ ಆಚೆ ಬಿದ್ದು ಮಾಯವಾಗುತ್ತದೆ. ನಾನು ಕನ್ನಡಕ್ಕೆ 1.6 ಇಡುತ್ತೇನೆ, ಶೀರ್ಷಿಕೆಗೆ 1.4ಕ್ಕಿಂತ ಇಳಿಸುವುದಿಲ್ಲ. ಪುಟಕ್ಕೆ ನಾಲ್ಕು ಸಾಲು ಕಡಿಮೆಯಾಗುತ್ತದೆಂದು ಚೌಕಾಸಿ ಮಾಡುವವರಿದ್ದಾರೆ. ಒತ್ತಕ್ಷರ ಕಡಿದರೆ ‘ಅಣ್ಣ’ ‘ಅಣ’ ಆಗುತ್ತಾನೆ.

ಒತ್ತಕ್ಷರ ಕೂಡಿಕೊಳ್ಳದೆ ಬಿಡಿಬಿಡಿಯಾಗಿ, ಸಾಲಾಗಿ ಬಂದಿದ್ದರೆ: ಇದು ಗಾತ್ರದ ದೋಷ ಅಲ್ಲವೇ ಅಲ್ಲ. ಪಿಡಿಎಫ್ ಮಾಡಿದ ತಂತ್ರಾಂಶಕ್ಕೆ ಕನ್ನಡದ ಅಕ್ಷರ ಕೂಡಿಸುವುದು ಗೊತ್ತಿಲ್ಲ. ಜೆಎಸ್‌ಪಿಡಿಎಫ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿಗಳಲ್ಲಿ ಹೀಗಾಗುತ್ತದೆ. ಫಾಂಟ್ ಬದಲಿಸುತ್ತ ಹೊತ್ತು ಕಳೆಯಬೇಡಿ. ಬ್ರೌಸರ್‌ನ ಮುದ್ರಣದ ದಾರಿಗೆ ಬನ್ನಿ. ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಬಂದಿದ್ದರೆ ಆ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲ ಎಂದರ್ಥ.

ಲಕ್ಷಣ: ಗಾತ್ರ ಸರಿ, ಆದರೆ ಅಕ್ಷರ ಮಬ್ಬು; ಆಯ್ಕೆ ಮಾಡಲೂ ಆಗುವುದಿಲ್ಲ

ಪುಟದಲ್ಲೇ ಇರುವ ‘ಪಿಡಿಎಫ್ ಇಳಿಸಿಕೊಳ್ಳಿ’ ಗುಂಡಿ ಒತ್ತಿದಾಗ ಹೀಗಾಗುತ್ತದೆ. ಅಂಥ ಕೆಲವು ಗುಂಡಿಗಳು ಪುಟದ ಚಿತ್ರ ತೆಗೆದು ಅದನ್ನೇ ಪಿಡಿಎಫ್‌ನಲ್ಲಿ ಕೂರಿಸುತ್ತವೆ. ಕಿಟಕಿ ಎಷ್ಟು ಅಗಲ ತೆರೆದಿದ್ದಿರೋ ಅದರ ಮೇಲೆ ಅಕ್ಷರದ ಪ್ರಮಾಣ ನಿಂತಿರುತ್ತದೆ. ಅದಕ್ಕೇ ಇಬ್ಬರು ಒಂದೇ ಪುಟದಿಂದ ಬೇರೆ ಬೇರೆ ಗಾತ್ರದ ಪಿಡಿಎಫ್ ಪಡೆಯುವುದು. ಗುಂಡಿ ಬಿಟ್ಟು ಕಂಟ್ರೋಲ್-ಪಿ ಬಳಸಿ.

ಲಕ್ಷಣ: ಸರ್ವರ್‌ನಲ್ಲಿ ತಯಾರಾದ ಪಿಡಿಎಫ್ ಮಾತ್ರ ತಪ್ಪಾಗಿದೆ

ಇಲ್ಲಿಂದ ಮುಂದಿನದು ತಂತ್ರಾಂಶ ಬರೆಯುವವರ ಕೆಲಸ. ಆದರೂ ಅವರಿಗೆ ಏನು ಹೇಳಬೇಕೆಂದು ತಿಳಿದಿದ್ದರೆ ಅರ್ಧ ದಿನ ಉಳಿಯುತ್ತದೆ. 10 ಸೆಂ.ಮೀ. ಗೆರೆ 7.5 ಸೆಂ.ಮೀ. ಬಂದಿದ್ದರೆ 96 ಮತ್ತು 72ರ ಗೊಂದಲ; 72 ಭಾಗಿಸು 96 ಮುಕ್ಕಾಲೇ ತಾನೆ. ಉಲ್ಟಾ ಆಗಿ 13.3 ಬಂದರೂ ಅದೇ ಗೊಂದಲ, ಆಚೆ ಕಡೆಯಿಂದ. ಆದರೆ ಸಹಕಾರ ಸಂಘದ ಮುಕ್ಕಾಲು ನೆನಪಿಡಿ: ಅಗಲವಾದ ಕೋಷ್ಟಕವೂ ಇದೇ ಅಂಕಿ ಕೊಡಬಲ್ಲದು. ಗೆರೆ ಬಿಟ್ಟು ಬೇರೇನೂ ಇಲ್ಲದ ಖಾಲಿ ಪುಟವನ್ನು ಪಿಡಿಎಫ್ ಮಾಡಿಸಿ. ಅಲ್ಲೂ 7.5 ಬಂದರೆ ಮಾತ್ರ ಸರ್ವರ್ ತಪ್ಪು.

ಡಬ್ಲ್ಯುಕೆ-ಎಚ್‌ಟಿಎಂಎಲ್-ಟು-ಪಿಡಿಎಫ್ ಎಂಬ ಪರಿವರ್ತಕ ತಂತ್ರಾಂಶ ಬಳಸುತ್ತಿದ್ದರೆ ಅದರ ‘ಸ್ಮಾರ್ಟ್ ಶ್ರಿಂಕಿಂಗ್’ ಆಫ್ ಮಾಡಿ ನೋಡಲು ಹೇಳಿ. ಒಂದೇ ಪುಟ ವಿಂಡೋಸ್‌ನಲ್ಲಿ ಒಂದು ಗಾತ್ರ, ಲಿನಕ್ಸ್‌ನಲ್ಲಿ ಇನ್ನೊಂದು ಗಾತ್ರ ಬರುವುದು ಅದರ ಹಳೆಯ ಚಾಳಿ. 2023ರಲ್ಲಿ ಅದರ ಯೋಜನೆಯನ್ನೇ ಮುಚ್ಚಿದ್ದಾರೆ, ಹೊಸ ತಿದ್ದುಪಡಿ ಬರುವುದಿಲ್ಲ. ಕ್ರೋಮ್ ಅನ್ನು ತಾನೇ ನಡೆಸಿ ಪಿಡಿಎಫ್ ಮಾಡುವ ಪಪೆಟಿಯರ್ ಬಳಸುತ್ತಿದ್ದರೆ, ಏನೂ ಹೇಳದಿದ್ದಾಗ ಅದು ಲೆಟರ್ ಗಾತ್ರ ಹಿಡಿಯುತ್ತದೆ. ಎ4 ಎಂದು ಸ್ಪಷ್ಟವಾಗಿ ಕೊಡಬೇಕು. ಸಿಎಸ್‌ಎಸ್‌ನಲ್ಲಿ ಬರೆದ ಪುಟದ ಗಾತ್ರವನ್ನೂ ಅದು ತಾನಾಗಿ ಗೌರವಿಸುವುದಿಲ್ಲ, ಅದಕ್ಕೆ ಬೇರೆ ಆಯ್ಕೆ ಇದೆ. ಲಿನಕ್ಸ್ ಸರ್ವರ್‌ನಲ್ಲಿ ಕನ್ನಡ ಫಾಂಟ್ ಹಾಕಿದ್ದಾರೋ ಇಲ್ಲವೋ ಎಂದೂ ಕೇಳಿ. ಬಹಳ ಸಲ ಹಾಕಿರುವುದಿಲ್ಲ.

ಕೈ ತಡೆಯಬೇಕಾದ ಕಡೆಗಳು

ಡಿಜಿಟಲ್ ಸಹಿ ಇರುವ ಪಿಡಿಎಫ್ ಅನ್ನು ಅಕ್ಷರ ದೊಡ್ಡದು ಮಾಡಲೆಂದು ಮತ್ತೆ ಪಿಡಿಎಫ್‌ಗೆ ಮುದ್ರಿಸಬೇಡಿ. ನೋಡಲು ಹಾಗೆಯೇ ಇರುತ್ತದೆ, ಸಹಿ ಹೋಗಿರುತ್ತದೆ. ಕಾಗದಕ್ಕೆ ಬೇಕಾದರೆ ನೇರವಾಗಿ ಮೂಲ ಕಡತದಿಂದಲೇ ಅಚ್ಚು ಹಾಕಿ. ಕ್ಯೂಆರ್ ಕೋಡ್ ಇರುವ ಪುಟವನ್ನು ಕುಗ್ಗಿಸಿದರೆ, ಹಂಚುವ ಮೊದಲು ಅಚ್ಚಾದ ಪ್ರತಿಯನ್ನು ಮೊಬೈಲ್‌ನಿಂದ ಸ್ಕ್ಯಾನ್ ಮಾಡಿ ನೋಡಿ.

ಅಳತೆ ಸರಿಪಡಿಸಿಕೊಡುತ್ತೇವೆಂದು ಹೇಳುವ ಉಚಿತ ಆನ್‌ಲೈನ್ ಪರಿವರ್ತಕಗಳಿಗೆ ಬ್ಯಾಂಕ್ ವಿವರ, ಆಧಾರ್, ಆಸ್ಪತ್ರೆಯ ವರದಿ ಹಾಕಬೇಡಿ. ಇಂಥ ಕೆಲವು ತಾಣಗಳು ಕಡತದ ಜೊತೆ ಕುತಂತ್ರಾಂಶವನ್ನೂ ಕಳಿಸುತ್ತವೆಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು. ಬ್ರೌಸರ್‌ನಲ್ಲೇ ಆಗುವ ಕೆಲಸಕ್ಕೆ ಕಡತವನ್ನು ಊರು ತಿರುಗಿಸುವ ಅಗತ್ಯವಿಲ್ಲ. ಸೈಬರ್ ಕೆಫೆಯಲ್ಲಿ ಮಾಡಿಸಿದರೆ ‘ಡೌನ್‌ಲೋಡ್ಸ್’ ಕಡತಕೋಶದಿಂದ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ ಎದ್ದು ಬನ್ನಿ. ನನ್ನ ಅಂಗಡಿಯಲ್ಲೂ ಹಾಗೆಯೇ ಮಾಡಿ, ನಾನು ಬೇಸರ ಪಟ್ಟುಕೊಳ್ಳುವುದಿಲ್ಲ.

ಮದುವೆ ಕರೆಯೋಲೆ, ಸ್ಮರಣ ಸಂಚಿಕೆ, ಪುಸ್ತಕ, ಅಂದರೆ ಆಫ್‌ಸೆಟ್ ಅಚ್ಚಿಗೆ ಹೋಗುವ ಯಾವುದೇ ಕೆಲಸವಾದರೆ ಬ್ರೌಸರ್‌ನ ಪಿಡಿಎಫ್ ತಿದ್ದುತ್ತ ಕೂರಬೇಡಿ. ಕತ್ತರಿಸಲು ಬಿಡುವ ಅಂಚು, ನಾಲ್ಕು ಬಣ್ಣದ ಲೆಕ್ಕ ಅದರಲ್ಲಿ ಇರುವುದಿಲ್ಲ. ಪಠ್ಯವನ್ನು ಯೂನಿಕೋಡ್‌ನಲ್ಲಿ, ಚಿತ್ರಗಳನ್ನು ಮೂಲ ಗಾತ್ರದಲ್ಲಿ ಬೇರೆ ಬೇರೆಯಾಗಿ ಡಿಟಿಪಿಯವರಿಗೆ ಕೊಡಿ. ಮೊದಲ ಪುಟದ ಪ್ರೂಫ್ ಕೈಗೆ ಬಂದಾಗ ಸ್ಕೇಲ್ ಇಟ್ಟು ನೋಡಿ, ಆಮೇಲೆ ಸಹಿ ಹಾಕಿ.